ಅಗ್ನಿಶಾಮಕ ಶಿಕ್ಷಕರೂ ಅವರ ಸಂಘಗಳೂ

ಏಪ್ರಿಲ್ ೧೪ನೆಯ ತಾರೀಖನ್ನು ನಮ್ಮ ದೇಶದ ಅಗ್ನಿಶಾಮಕ ದಳಗಳು ಪ್ರತಿವರ್ಷವೂ ಸ್ಮರಣೆಯ ದಿನವಾಗಿ ಆಚರಿಸುತ್ತಿರುವುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ೧೯೪೪ನೆಯ ಇಸವಿಯ ಅದೇ ದಿನ ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿಗೆ ಬೆಂಕಿ ಬಿದ್ದಿತು. ಅದರ ಒಡಲಲ್ಲಿ ಹತ್ತಿಯ ಅಂಡಿಗೆಗಳೂ ಸುಮಾರು ೧,೪೦೦ ಟನ್ನು ಸ್ಫೋಟಕ ಸಾಮಗ್ರಿಯೂ ಒಟ್ಟಿಗೇ ತುಂಬಿದ್ದವು. ಮಧ್ಯಾಹ್ನ ಸುಮಾರು ಎರಡು ಗಂಟೆಯಿಂದ ನಾಲ್ಕರವರೆಗೆ ದಳದವರು ಬೆಂಕಿಯ ಬದಿಯಲ್ಲಿಯೇ ನಿಂತು ನೀರು ಸುರಿದರು. ಹಡಗನ್ನು ಮುಳುಗಿಸಬೇಕೇ, ಕಡಲಿಗೆ ಎಳೆದೊಯ್ಯಬೇಕೇ ಎಂಬುದನ್ನು ತೀರ್ಮಾನಿಸಬೇಕಾದವರು ಸಕಾಲದಲ್ಲಿ ತೀರ್ಮಾನಿಸಲಿಲ್ಲ. ನಾಲ್ಕು ಗಂಟೆಯ ಮೇಲೆ ಆದ ಎರಡು ಸ್ಫೋಟಗಳಲ್ಲಿ ೬೬ ಮಂದಿ ಅಗ್ನಿಶಾಮಕರು ಪ್ರಾಣ ತೆತ್ತರು.

ಇದಾದ ಮೂರೇ ವರ್ಷಕ್ಕೆ, ೧೯೪೭ರ ಏಪ್ರಿಲ್ ೧೬ರಂದು, ಅಮೆರಿಕದ ಟೆಕ್ಸಸ್ ಸಿಟಿ ಬಂದರದಲ್ಲಿ ‘ಗ್ರಾಂಕಾಂಪ್’ ಎಂಬ ಹಡಗು ಉರಿಯಿತು. ಅದರಲ್ಲಿದ್ದುದು ಅಮೋನಿಯಂ ನೈಟ್ರೇಟ್ ಎಂಬ ಗೊಬ್ಬರ. ಊರಿನ ಸ್ವಯಂಸೇವಕ ದಳದವರು ಹಡಗಿನ ಬಳಿಗೆ ಬಂದು ನೀರು ಹಾಯಿಸುತ್ತಿರುವಾಗಲೇ ಅದು ಸಿಡಿದು, ದಳದ ೨೮ ಮಂದಿಯಲ್ಲಿ ೨೭ ಮಂದಿ ಗತಿಸಿದರು. ಎರಡು ಹಡಗುಗಳ ಸರಕು ಬೇರೆ, ಪಾಠ ಮಾತ್ರ ಒಂದೇ. ಹತ್ತಿರ ಹೋಗುವ ಮುನ್ನ ಒಡಲಲ್ಲಿ ಏನಿದೆಯೆಂದು ಕೇಳಬೇಕು; ತಿಳಿದ ಮೇಲೆ ಮುಂದುವರಿಯಬೇಕೇ ಹಿಂದೆ ಸರಿಯಬೇಕೇ ಎಂದು ನಿರ್ಣಯಿಸಬೇಕು. ಮುಂಬಯಿಯಲ್ಲಿ ಅಷ್ಟು ಜೀವಗಳ ಬೆಲೆಗೆ ಕೊಂಡ ಈ ಪಾಠವು ಟೆಕ್ಸಸ್ ಸಿಟಿಯ ದಳಕ್ಕೆ ಒದಗಿಬರಲಿಲ್ಲ.

ಮಡಿದವರ ಸ್ಮರಣೆಯು ಯೋಗ್ಯವಾದುದು. ಆದರೆ ಒಂದೂರಿನ ಬೆಂಕಿ ಕಲಿಸಿದುದನ್ನು ಇನ್ನೊಂದೂರಿನ ದಳಕ್ಕೆ ಒಯ್ದು ಮುಟ್ಟಿಸುವವರು ಯಾರು ಎಂಬ ಪ್ರಶ್ನೆಯನ್ನು ಆ ದಿನ ಕೇಳುವವರು ವಿರಳ. ಆ ಕೆಲಸವು ಶಿಕ್ಷಕನದು. ಬೆಂಕಿ ಆರಿಸುವವನನ್ನು ಊರು ಬಲ್ಲದು. ಅವನಿಗೆ ಏಣಿ ಏರಲು, ಹೋಸ್ ಹಿಡಿಯಲು, ಹೊಗೆಯಲ್ಲಿ ನೆಲಕ್ಕೆ ಒರಗಿ ದಾರಿ ಹುಡುಕಲು ಕಲಿಸಿದವನನ್ನು ಊರು ಅರಿಯದು. ಈ ಶಿಕ್ಷಕರು ಒಂದೊಂದು ಪ್ರಾಂತದಲ್ಲಿ ತಮ್ಮದೇ ಸಂಘಗಳನ್ನು ಕಟ್ಟಿಕೊಂಡು ನಡೆಸುವ ಕಾರ್ಯವನ್ನು ಕುರಿತು ಈ ದಿನ ನಾಲ್ಕು ಮಾತು ಬರೆಯಬಯಸುತ್ತೇವೆ.

ಬೆಂಕಿಯ ವಿಷಯದಲ್ಲಿ ಮುನ್ನೆಚ್ಚರಿಕೆಯು ನಮ್ಮವರಿಗೆ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ಓಲೆಗ್ರಂಥದಿಂದ ಪಂಡಿತ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮನೆಮನೆಯವರೂ ನೀರಿನ ಕೊಡ, ಏಣಿ, ಕೊಡಲಿ, ಕೊಕ್ಕೆಗಳನ್ನು ಸಿದ್ಧವಾಗಿ ಇಟ್ಟಿರಬೇಕೆಂದೂ, ಬೆಂಕಿ ಆರಿಸಲು ಓಡಿಬಾರದ ಮನೆಯೊಡೆಯನಿಗೆ ೧೨ ಪಣ, ಬಾಡಿಗೆಯವನಿಗೆ ೬ ಪಣ ದಂಡವೆಂದೂ ವಿಧಿಸಿದೆ. ಆದರೆ ಸಲಕರಣೆ ಬೇರೆ, ಶಿಕ್ಷಣ ಬೇರೆ. ಬೆಂಕಿ ಆರಿಸುವುದನ್ನು ಕಲಿತು ಮಾಡಬೇಕಾದ ವೃತ್ತಿಯೆಂದು ಕ್ರಮವಾಗಿ ನಡೆಸಿ ತೋರಿಸಿದವರಲ್ಲಿ ಅಗ್ರಗಣ್ಯನು ಸ್ಕಾಟ್ಲೆಂಡಿನ ಜೇಮ್ಸ್ ಬ್ರೇಡ್‌ವುಡ್. ೧೮೨೪ರಲ್ಲಿ ಎಡಿನ್‌ಬರೋ ನಗರದ ದಳದ ಮುಖ್ಯಸ್ಥನಾದ ಈತನು ಬಡಗಿ, ಗಾರೆಕೆಲಸದವ, ಕಮ್ಮಾರ ಮೊದಲಾದ ಕಸುಬಿನವರನ್ನು ಆರಿಸಿಕೊಂಡು ನಸುಕಿನಲ್ಲಿ ಕವಾಯತು ಮಾಡಿಸುತ್ತಿದ್ದನು. ೧೮೩೦ರಲ್ಲಿ ಅವನು ಬರೆದ ಪುಸ್ತಕದ ಹೆಸರಿನಲ್ಲಿಯೇ ‘ಅಗ್ನಿಶಾಮಕರ ಶಿಕ್ಷಣ’ ಎಂಬ ಮಾತು ಸೇರಿದೆ. ಆಮೇಲೆ ಲಂಡನ್ನಿನ ದಳವನ್ನು ನಡೆಸಿ, ೧೮೬೧ರಲ್ಲಿ ಟೂಲಿ ಬೀದಿಯ ದೊಡ್ಡ ಬೆಂಕಿಯಲ್ಲಿ ಗೋಡೆ ಕುಸಿದು ತೀರಿಕೊಂಡನು. ಗೋಡೆಗಳು ಹೇಗೆ ಬೀಳುವವೆಂಬುದನ್ನು ಚೆನ್ನಾಗಿ ಬಲ್ಲವನೂ ಬೀಳುವ ಗೋಡೆಯ ಕೆಳಗೆ ಸಿಕ್ಕಬಹುದು. ಅಂಥವನ ಅರಿವು ಅವನೊಂದಿಗೇ ಹೋಗದೆ ಉಳಿಯಬೇಕಾದರೆ ಅದು ಹಲವರ ಸೊತ್ತಾಗಬೇಕು.

ಈ ತತ್ವವನ್ನು ಅಮೆರಿಕದವರು ಕಾರ್ಯಕ್ಕೆ ತಂದಿರುವರು. ಆ ದೇಶದಲ್ಲಿ ಅಗ್ನಿಶಾಮಕರಲ್ಲಿ ಹೆಚ್ಚು ಪಾಲಿನವರು ಸಂಬಳವಿಲ್ಲದ ಸ್ವಯಂಸೇವಕರು. ಹಗಲು ಹೊಲದಲ್ಲೋ ಅಂಗಡಿಯಲ್ಲೋ ದುಡಿದು, ಸಂಜೆ ಠಾಣೆಗೆ ಬಂದು ಕಲಿಯುವವರು. ಚಿಕ್ಕ ಊರಿನ ಠಾಣೆಯಲ್ಲಿ ಕಲಿಸುವವನೂ ಅಂಥವನೇ ಆಗಿರುವುದುಂಟು. ಅವನು ಒಂಟಿಯಾಗಿದ್ದರೆ ತಾನು ಕಲಿತುದನ್ನೇ ಕಲಿಸುವನು. ತನಗೆ ಕಲಿಸಿದವನ ತಪ್ಪನ್ನೂ ಸೇರಿಸಿ ಕಲಿಸುವನು. ಈ ಒಂಟಿತನವನ್ನು ತಪ್ಪಿಸುವುದಕ್ಕಾಗಿಯೇ ಶಿಕ್ಷಕರು ಕೂಡಿಕೊಂಡರು. ೧೯೬೦ರಲ್ಲಿ ಅಖಿಲ ದೇಶದ ಮಟ್ಟದ ಶಿಕ್ಷಕರ ಸಂಸ್ಥೆ ಹುಟ್ಟಿತು. ಇಲಿನಾಯ್ ಮೊದಲಾದ ಸಂಸ್ಥಾನಗಳಲ್ಲಿ ಪ್ರಾಂತ್ಯದ ಸಂಘಗಳು ಬೆಳೆದುವು. ಪಾಠದ ಟಿಪ್ಪಣಿಗಳನ್ನು ಹಂಚಿಕೊಳ್ಳುವುದು, ಹೊಸ ಶಿಕ್ಷಕನನ್ನು ಹಳಬನ ಕೈಕೆಳಗೆ ಪಳಗಿಸುವುದು, ವರ್ಷಕ್ಕೊಮ್ಮೆ ಕೂಡಿ ನಡೆದ ಬೆಂಕಿಗಳನ್ನು ಚರ್ಚಿಸುವುದು ಇಂಥ ಸಂಘಗಳ ನಿತ್ಯದ ಕೆಲಸ. ಸದ್ದುಗದ್ದಲವಿಲ್ಲದ, ಪತ್ರಿಕೆಗಳ ಮೊದಲ ಪುಟಕ್ಕೆ ಬಾರದ ಕೆಲಸ.

ಇದು ಬರಿಯ ಸೌಹಾರ್ದದ ಕೂಟವಲ್ಲ, ಪ್ರಾಣದ ಪ್ರಶ್ನೆಯೆಂಬುದಕ್ಕೆ ಮೂರು ನಿದರ್ಶನಗಳನ್ನು ವಾಚಕರ ಮುಂದಿಡುತ್ತೇವೆ. ಬೆಂಕಿ ಆರಿಸಲು ಕಲಿಸಬೇಕಾದರೆ ಎಂದಾದರೊಂದು ದಿನ ನಿಜವಾದ ಬೆಂಕಿಯನ್ನೇ ಹಚ್ಚಿ ತೋರಿಸಬೇಕಾಗುವುದು. ೧೯೮೨ರಲ್ಲಿ ಕೊಲರಾಡೋ ಸಂಸ್ಥಾನದ ಬೌಲ್ಡರ್ ಎಂಬಲ್ಲಿ ಇಂಥ ಪಾಠದ ಬೆಂಕಿಯಲ್ಲಿಯೇ ಇಬ್ಬರು ಅಗ್ನಿಶಾಮಕರು ಸತ್ತರು. ಕಲಿಸಲು ಹಚ್ಚಿದ ಬೆಂಕಿ ಕಲಿಯುವವರನ್ನೇ ನುಂಗಿತು. ಇದರ ಪರಿಣಾಮವಾಗಿ ೧೯೮೬ರಲ್ಲಿ ಆ ದೇಶದ ಅಗ್ನಿರಕ್ಷಣಾ ಸಂಸ್ಥೆಯು ೧೪೦೩ ಎಂಬ ಸಂಖ್ಯೆಯ ನಿಯಮಾವಳಿಯನ್ನು ಪ್ರಕಟಿಸಿತು. ಕಾಲಕಾಲಕ್ಕೆ ತಿದ್ದುಪಡಿಯಾದ ಆ ನಿಯಮಾವಳಿಯ ಸಾರವಿಷ್ಟು: ಐವರು ಉಮೇದುವಾರರಿಗೆ ಒಬ್ಬನಿಗೆ ಕಡಿಮೆಯಿಲ್ಲದಂತೆ ಶಿಕ್ಷಕರಿರಬೇಕು, ರಕ್ಷಣೆಯನ್ನು ನೋಡಿಕೊಳ್ಳುವುದಕ್ಕೆಂದೇ ಒಬ್ಬ ಅಧಿಕಾರಿ ಇರಬೇಕು, ಹಳೆಯ ಮನೆಯನ್ನು ಸುಟ್ಟು ಕಲಿಸುವಾಗ ಒಮ್ಮೆಗೆ ಒಂದೇ ಬೆಂಕಿ ಹಚ್ಚಬೇಕು, ಬೆಂಕಿಗೆ ಮುನ್ನ ಉಮೇದುವಾರರಿಗೆ ಮನೆಯ ಒಳಹೊರಗನ್ನು ನಡೆಸಿ ತೋರಿಸಬೇಕು, ಸಿಕ್ಕಿಬಿದ್ದವರ ವೇಷದಲ್ಲಿ ಜೀವಂತ ಮನುಷ್ಯರನ್ನು ಎಂದೂ ಒಳಗಿಡಕೂಡದು.

ನಿಯಮ ಹುಟ್ಟಿ ೧೫ ವರ್ಷಗಳ ಮೇಲೆ, ೨೦೦೧ರ ಸೆಪ್ಟೆಂಬರ್ ೨೫ರಂದು, ನ್ಯೂಯಾರ್ಕ್ ಸಂಸ್ಥಾನದ ಲೇರ್ಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಏನಾಯಿತು? ದಳಕ್ಕೆ ಹೊಸದಾಗಿ ಸೇರಿದ ೧೯ ವರ್ಷದ ತರುಣನೊಬ್ಬನನ್ನು ಸಿಕ್ಕಿಬಿದ್ದವನ ಪಾತ್ರ ವಹಿಸಲೆಂದು ಹಳೆಯ ಮನೆಯೊಂದರ ಮಹಡಿಯ ಮೇಲಿರಿಸಿ ಕೆಳಗೆ ಬೆಂಕಿ ಹಚ್ಚಿದರು. ಬೆಂಕಿ ಅಂದುಕೊಂಡುದಕ್ಕಿಂತ ಬೇಗ ಏರಿತು. ತರುಣನು ಮೇಲೆಯೇ ಸತ್ತನು. ಅಭ್ಯಾಸವನ್ನು ನಡೆಸಿದ ಅಧಿಕಾರಿಯು ನ್ಯಾಯಸ್ಥಾನದಲ್ಲಿ ಅಪರಾಧಿಯೆಂದು ತೀರ್ಮಾನವಾಯಿತು. ಪುಸ್ತಕದಲ್ಲಿದ್ದ ನಿಯಮವು ಆ ಹಳ್ಳಿಯ ಮನೆಯ ಹೊಸ್ತಿಲನ್ನು ದಾಟಲಿಲ್ಲ.

ಚಿಕ್ಕ ಹಳ್ಳಿಯ ಮಾತಾಯಿತು. ದೊಡ್ಡ ನಗರದಲ್ಲಿ ಹೀಗಾಗದೆಂದು ಯಾರಾದರೂ ಹೇಳಬಹುದು. ೨೦೦೭ರ ಫೆಬ್ರುವರಿ ೯ರಂದು ಬಾಲ್ಟಿಮೋರ್ ನಗರದಲ್ಲಿ ಸಾಲುಮನೆಯೊಂದರೊಳಗೆ ಹಲವು ಕಡೆ ಏಕಕಾಲಕ್ಕೆ ಬೆಂಕಿ ಹಚ್ಚಿ ತರಬೇತಿ ಕೊಡುತ್ತಿದ್ದಾಗ ಉಮೇದುವಾರಳಾಗಿದ್ದ ಮಹಿಳೆಯೊಬ್ಬಳು ಮಡಿದಳು. ತನಿಖೆಯಲ್ಲಿ ನಿಯಮೋಲ್ಲಂಘನೆಗಳು ಒಂದರ ಮೇಲೊಂದು ಹೊರಬಿದ್ದುವು. ಶಿಕ್ಷಣ ವಿಭಾಗದ ಮುಖ್ಯಾಧಿಕಾರಿಯನ್ನು ಕೆಲಸದಿಂದ ತೆಗೆಯಲಾಯಿತು.

ಈ ನಿದರ್ಶನಗಳಿಂದ ನಾವು ಎರಡು ಸಂಗತಿಗಳನ್ನು ಗ್ರಹಿಸುತ್ತೇವೆ. ಮೊದಲನೆಯದು, ನಿಯಮವನ್ನು ಅಚ್ಚು ಹಾಕಿದ ಮಾತ್ರಕ್ಕೆ ಅದು ನಡೆಯದು. ಠಾಣೆಯಿಂದ ಠಾಣೆಗೆ ಅದನ್ನು ಹೊತ್ತು ನಡೆಯುವ ಕಾಲುಗಳು ಬೇಕು. ಎರಡನೆಯದು, ನಿಯಮವನ್ನು ಬಲ್ಲ ಶಿಕ್ಷಕನಿಗೂ ಒಂದೊಂದು ಸಮಯದಲ್ಲಿ “ಇದು ಕೂಡದು, ಈ ದಿನ ಬೆಂಕಿ ಹಚ್ಚುವುದಿಲ್ಲ” ಎಂದು ಮೇಲಿನವರ ಮುಂದೆ ಹೇಳುವ ಧೈರ್ಯ ಬೇಕು. ಬೆಂಕಿಯೊಳಗೆ ನುಗ್ಗುವ ಧೈರ್ಯಕ್ಕೆ ಪದಕವುಂಟು. ಈ ಧೈರ್ಯಕ್ಕೆ ಪದಕವಿಲ್ಲ, ಕೆಲವು ವೇಳೆ ಛೀಮಾರಿಯುಂಟು. ಹಿಂದೆ ಸಂಘದ ಬೆಂಬಲವಿರುವ ಶಿಕ್ಷಕನು ಇಂಥ ಮಾತನ್ನು ಆಡಬಲ್ಲನು. ಒಂಟಿಯಾದವನು ತುಟಿ ಕಚ್ಚಿಕೊಂಡು ಸುಮ್ಮನಾಗುವನು.

ಇದರ ಮೇಲೆ ಬೆಂಕಿಯೂ ಹಳೆಯ ಬೆಂಕಿಯಾಗಿ ಉಳಿದಿಲ್ಲ. ಅಮೆರಿಕದ ಯು.ಎಲ್. ಪ್ರಯೋಗಶಾಲೆಯವರು ಎರಡು ಕೋಣೆಗಳನ್ನು ಸಜ್ಜುಗೊಳಿಸಿ ಸುಟ್ಟು ನೋಡಿದರು. ಮರ, ಹತ್ತಿಗಳ ಹಳೆಯ ಕಾಲದ ಸಾಮಾನುಗಳಿದ್ದ ಕೋಣೆಯು ಒಮ್ಮೆಲೇ ಭುಗಿಲೆದ್ದು ಉರಿಯಲು ಸುಮಾರು ೨೯ ನಿಮಿಷ ತೆಗೆದುಕೊಂಡಿತು. ಫೋಮು, ಪ್ಲಾಸ್ಟಿಕ್ಕು, ಕೃತಕ ನೂಲಿನ ಈಗಿನ ಸಾಮಾನುಗಳಿದ್ದ ಕೋಣೆಗೆ ನಾಲ್ಕು ನಿಮಿಷವೂ ಬೇಕಾಗಲಿಲ್ಲ. ‘ಫ್ಲ್ಯಾಶೋವರ್’ ಎಂದು ಕರೆಯುವ ಈ ಭುಗಿಲಿನೊಳಗೆ ಸಿಕ್ಕಿದವನು, ಪೂರ್ಣ ಉಡುಪು ಧರಿಸಿದ್ದರೂ, ಬದುಕುವುದು ಕಠಿಣ. ಮೂವತ್ತು ವರ್ಷಗಳ ಹಿಂದೆ ತಾನು ಕಂಡ ಬೆಂಕಿಯ ಲೆಕ್ಕದಲ್ಲಿ ಕಲಿಸುವ ಶಿಕ್ಷಕನು ತನಗರಿವಿಲ್ಲದೆಯೇ ಶಿಷ್ಯನನ್ನು ಮೃತ್ಯುಮುಖಕ್ಕೆ ಕಳುಹುವನು. ಗುರುವೂ ನಿತ್ಯ ವಿದ್ಯಾರ್ಥಿಯಾಗಿರಬೇಕೆಂಬ ಹಿರಿಯರ ಮಾತು ಈ ವೃತ್ತಿಗೆ ಅನ್ವಯಿಸುವಷ್ಟು ಬೇರೆ ಯಾವುದಕ್ಕೂ ಅನ್ವಯಿಸದು.

ಇನ್ನು ನಮ್ಮ ಕಡೆಗೆ ನೋಡೋಣ. ೧೯೮೧ರ ಫೆಬ್ರುವರಿ ೭ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಉರಿದು ೯೨ ಮಂದಿ ಸತ್ತರು; ಅವರಲ್ಲಿ ಬಹುಮಂದಿ ಮಕ್ಕಳು. ೧೯೯೭ರಲ್ಲಿ ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ ೫೯ ಮಂದಿ ತೀರಿಕೊಂಡರು. ೨೦೧೦ರ ಫೆಬ್ರುವರಿ ೨೩ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ೯ ಮಂದಿ ಮಡಿದರು. ಹೊಗೆಯನ್ನು ತಾಳಲಾರದೆ ಮೇಲಿನಿಂದ ಹಾರಿದವರೂ ಅವರಲ್ಲಿದ್ದರು. ಡೇರೆಯ ಬೆಂಕಿಗೆ ಒಂದು ಪಾಠ, ಚಿತ್ರಮಂದಿರದ ಹೊಗೆಗೆ ಒಂದು ಪಾಠ, ಎತ್ತರದ ಕಟ್ಟಡಕ್ಕೆ ಮತ್ತೊಂದು. ಇವೆಲ್ಲವನ್ನೂ ಒಬ್ಬ ಶಿಕ್ಷಕನು ತನ್ನ ಅನುಭವದಿಂದಲೇ ಅರಿಯುವುದು ಸಾಧ್ಯವೇ?

ನಮ್ಮಲ್ಲಿ ವಿದ್ಯಾಲಯಗಳಿಲ್ಲವೆಂದಲ್ಲ. ೧೯೫೬ರಲ್ಲಿ ರಾಮಪುರದಲ್ಲಿ ಪ್ರಾರಂಭವಾಗಿ ಮರುವರ್ಷ ನಾಗಪುರಕ್ಕೆ ಬಂದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ದೇಶಕ್ಕೆ ಅನೇಕ ಅಧಿಕಾರಿಗಳನ್ನು ಸಿದ್ಧಪಡಿಸಿಕೊಟ್ಟಿದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಮುಂಡ್ಕೂರ್ ಅವರ ಹೆಸರಿನ ಅಕಾಡೆಮಿಯೂ, ಕೇರಳದ ತ್ರಿಶೂರಿನ ವಿಯ್ಯೂರಿನಲ್ಲಿ ಆ ರಾಜ್ಯದ ಅಕಾಡೆಮಿಯೂ ಇರುವುವು. ಕೇಂದ್ರ ಸರಕಾರವು ೨೦೨೩ರಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣ ಹಾಗೂ ಆಧುನೀಕರಣಕ್ಕಾಗಿ ೫,೦೦೦ ಕೋಟಿ ರೂಪಾಯಿಗಳ ಯೋಜನೆಯನ್ನು ಘೋಷಿಸಿದುದು ಅಭಿನಂದನೀಯ. ಆದರೆ ಹಣ ಬಂದೊಡನೆ ಮೊದಲು ಕಣ್ಣಿಗೆ ಬೀಳುವುದು ಕೆಂಪು ಬಣ್ಣದ ಹೊಸ ವಾಹನ. ಅದನ್ನು ಮಂತ್ರಿಗಳು ಹಸಿರು ನಿಶಾನೆ ತೋರಿಸಿ ಕಳುಹಬಹುದು, ಛಾಯಾಚಿತ್ರ ತೆಗೆಯಬಹುದು. ಒಬ್ಬ ಒಳ್ಳೆಯ ಶಿಕ್ಷಕನ ತಯಾರಿಗೆ ಹತ್ತು ವರ್ಷ ಹಿಡಿಯುವುದು, ಅದಕ್ಕೆ ಛಾಯಾಚಿತ್ರವಿಲ್ಲ.

ಅಗ್ನಿಶಾಮಕ ಸೇವೆಯು ರಾಜ್ಯಾಂಗದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಸಭೆಗಳಿಗೆ ವಹಿಸಬಹುದಾದ ಕಾರ್ಯಗಳ ಪಟ್ಟಿಯಲ್ಲಿದೆ. ಕೆಲವೆಡೆ ರಾಜ್ಯದ ದಳ, ಕೆಲವೆಡೆ ನಗರದ ದಳ, ಇವಲ್ಲದೆ ಬಂದರು, ವಿಮಾನ ನಿಲ್ದಾಣ, ಕಾರ್ಖಾನೆಗಳ ದಳಗಳು. ಹೀಗೆ ಹಲವು ಒಡೆತನಗಳಲ್ಲಿ ಹಂಚಿಹೋದ ಸೇವೆಯನ್ನು ಒಂದುಗೂಡಿಸಬಲ್ಲ ಎಳೆಯೆಂದರೆ ಶಿಕ್ಷಣದ ಎಳೆಯೇ. ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರ, ತೆಲಂಗಾಣಗಳ ಶಿಕ್ಷಕರು ಒಂದು ದಕ್ಷಿಣ ಪ್ರಾಂತೀಯ ಸಂಘವಾಗಿ ಕೂಡಿ ಕೆಲಸ ಮಾಡಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಸಮವಸ್ತ್ರ ಧರಿಸಿದವರು ಸಂಘ ಕಟ್ಟಿದರೆ ಶಿಸ್ತು ಕೆಟ್ಟೀತೆಂದು ಕೆಲವು ಅಧಿಕಾರಿಗಳು ಹೇಳಬಹುದು. ಸಂಬಳಸಾರಿಗೆಯ ಮಾತು ಬೇರೆ, ವಿದ್ಯೆಯ ಮಾತು ಬೇರೆ. ವೈದ್ಯರೂ ಇಂಜಿನಿಯರರೂ ವಿದ್ವತ್ಪರಿಷತ್ತುಗಳಲ್ಲಿ ಕೂಡುವುದರಿಂದ ಆಸ್ಪತ್ರೆಗಳಾಗಲಿ ಸೇತುವೆಗಳಾಗಲಿ ಕೆಟ್ಟಿಲ್ಲ. ನಾಗಪುರದ ಕಾಲೇಜೇ ಸಾಕಲ್ಲವೇ ಎಂದೂ ಕೇಳಬಹುದು. ಕಾಲೇಜು ಬೀಜವನ್ನು ಕೊಡುವುದು. ಆ ನೆಲದ ಹದವರಿತು ಬಿತ್ತುವವರು ಆಯಾ ನಾಡಿನವರೇ ಆಗಬೇಕು. ಕೊಚ್ಚಿಯ ಬಂದರದ ಬೆಂಕಿಗೂ ರಾಯಚೂರಿನ ಹತ್ತಿಯ ಗೋದಾಮಿನ ಬೆಂಕಿಗೂ ಒಂದೇ ಪಾಠ ಸಾಲದು.

ಸಂಘವು ಕೈಗೊಳ್ಳಬೇಕಾದ ಕಾರ್ಯಗಳನ್ನು ಸಂಕ್ಷೇಪವಾಗಿ ಸೂಚಿಸುತ್ತೇವೆ. ಶಿಕ್ಷಕರಿಗೆ ಅರ್ಹತೆಯ ಒಂದೇ ಮಟ್ಟವನ್ನು ಗೊತ್ತುಮಾಡಬೇಕು. ನಿಜವಾದ ಬೆಂಕಿ ಹಚ್ಚಿ ಕಲಿಸುವುದಕ್ಕೆ ನಿಯಮಗಳನ್ನು ರಚಿಸಿ, ಅವು ಮೀರಿದಲ್ಲಿ ಅಭ್ಯಾಸವನ್ನು ನಿಲ್ಲಿಸುವ ಅಧಿಕಾರವನ್ನು ಶಿಕ್ಷಕನಿಗೆ ಕೊಡಿಸಬೇಕು. ದೊಡ್ಡ ಬೆಂಕಿ ನಡೆದಾಗಲೆಲ್ಲ ಅದರ ನಿಷ್ಪಕ್ಷಪಾತವಾದ ವರದಿಯನ್ನು ಎಲ್ಲ ಠಾಣೆಗಳಿಗೂ ಕಳುಹಬೇಕು. ತಪ್ಪನ್ನು ಮುಚ್ಚಿಟ್ಟ ವರದಿಯು ಮುಂದಿನ ಸಾವಿಗೆ ಆಹ್ವಾನಪತ್ರ. ಪಾಠಗಳು ಕನ್ನಡ, ತಮಿಳು, ತೆಲುಗು, ಮಲೆಯಾಳಗಳಲ್ಲಿ ಅಚ್ಚಾಗಬೇಕು. ಹೊಗೆ ತುಂಬಿದ ಕತ್ತಲಲ್ಲಿ ಮನುಷ್ಯನಿಗೆ ನೆನಪಾಗುವುದು ತಾಯಿನುಡಿಯಲ್ಲಿ ಕೇಳಿದ ಮಾತೇ ಹೊರತು, ಉರುಹೊಡೆದ ಇಂಗ್ಲೀಷಿನ ವಾಕ್ಯವಲ್ಲ.

ನಗರವಾಸಿಗಳಿಗೂ ಒಂದು ಮಾತು. ಮೆಟ್ಟಿಲ ದಾರಿಗೆ ಬೀಗ ಹಾಕಿ, ಅಲ್ಲಿ ಹಳೆಯ ಸಾಮಾನು ತುಂಬಿ, ದಳ ತಡವಾಗಿ ಬಂದಿತೆಂದು ದೂರುವುದು ನ್ಯಾಯವಲ್ಲ. ಶಿಕ್ಷಕರು ಕಾರ್ಖಾನೆಗೋ ಶಾಲೆಗೋ ಬಂದು ಕವಾಯತು ಮಾಡಿಸುವಾಗ ಅದನ್ನು ಕೆಲಸಕ್ಕೆ ಅಡ್ಡಿಯೆಂದು ಗೊಣಗದಿರೋಣ.

ಅರಗಿನ ಮನೆಯ ಕಥೆಯನ್ನು ನಾವೆಲ್ಲರೂ ಬಲ್ಲೆವು. ಪಾಂಡವರು ಆ ರಾತ್ರಿ ಉಳಿದುದು ಭೀಮನ ಭುಜಬಲದಿಂದ ಮಾತ್ರವಲ್ಲ. ಬಹುದಿನ ಮುಂಚೆಯೇ ವಿದುರನು ಗೂಢವಾಗಿ ಬುದ್ಧಿ ಹೇಳಿದ್ದನು. ಸುರಂಗ ತೋಡುವವನನ್ನು ಕಳುಹಿದ್ದನು. ಅವನ ಮಾತಿನಂತೆ ಪಾಂಡವರು ಬೇಟೆಯ ನೆವದಲ್ಲಿ ಸುತ್ತಲಿನ ದಾರಿಗಳನ್ನು ಹಗಲಿನಲ್ಲಿಯೇ ನಡೆದು ಗುರುತಿಟ್ಟುಕೊಂಡಿದ್ದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಜನ ನಾವೆಂಬ ಅಪವಾದವು ಹಳೆಯದು. ಅದನ್ನು ಕಳೆಯಬೇಕಾದರೆ ನಮ್ಮ ಠಾಣೆಗಳಲ್ಲಿ ಹೆಸರಿಲ್ಲದೆ ದುಡಿಯುತ್ತಿರುವ ವಿದುರರನ್ನು ಒಂದೆಡೆ ಕೂಡಿಸಿ, ಅವರ ಮಾತಿಗೆ ಬೆಲೆ ಕೊಡಬೇಕು. ದಕ್ಷಿಣದ ರಾಜ್ಯ ಸರಕಾರಗಳು ಇತ್ತ ಲಕ್ಷ್ಯಗೊಟ್ಟು, ಶಿಕ್ಷಕರ ಪ್ರಥಮ ಸಮ್ಮೇಲನವನ್ನು ಶೀಘ್ರವಾಗಿ ಕರೆಯುವುವೆಂದು ಹಾರೈಸುತ್ತೇವೆ.