ಅನಿಹ್ನವ: ಬರೆಯುವವನ ವ್ರತ

ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರ ಬಳಿಗೆ ಶ್ರುತವನ್ನು ಕಲಿಯಲೆಂದು ದಕ್ಷಿಣದಿಂದ ಇಬ್ಬರು ಮುನಿಗಳು ಬಂದರು. ಆಚಾರ್ಯರು ಒಡನೆಯೇ ಪಾಠವನ್ನು ಆರಂಭಿಸಲಿಲ್ಲ. ಇಬ್ಬರಿಗೂ ಒಂದೊಂದು ಮಂತ್ರವಿದ್ಯೆಯನ್ನು ಕೊಟ್ಟು, ಎರಡು ದಿನಗಳ ಉಪವಾಸದೊಡನೆ ಸಾಧಿಸಿಕೊಂಡು ಬರುವಂತೆ ಹೇಳಿದರು. ಒಬ್ಬರ ಮಂತ್ರದಲ್ಲಿ ಅಕ್ಷರ ಹೆಚ್ಚಿತ್ತು, ಮತ್ತೊಬ್ಬರದರಲ್ಲಿ ಕಡಿಮೆಯಿತ್ತು. ಸಾಧನೆ ಮುಗಿದಾಗ ಕಾಣಿಸಿಕೊಂಡ ದೇವತೆಯರಲ್ಲಿ ಒಬ್ಬಳ ಹಲ್ಲುಗಳು ಮುಂಚಾಚಿದ್ದವು, ಇನ್ನೊಬ್ಬಳಿಗೆ ಒಂದೇ ಕಣ್ಣಿತ್ತು. ದೇವತೆಗಳಿಗೆ ಅಂಗವಿಕಾರ ಸಹಜವಲ್ಲ, ದೋಷ ಮಂತ್ರದಲ್ಲಿಯೇ ಇರಬೇಕೆಂದು ಆ ಮುನಿಗಳು ಆಲೋಚಿಸಿದರು. ಮಂತ್ರವ್ಯಾಕರಣಕ್ಕೆ ಅನುಗುಣವಾಗಿ ಅಕ್ಷರಗಳನ್ನು ತಿದ್ದಿ ಮತ್ತೆ ಜಪಿಸಿದರು. ದೇವತೆಯರು ಸ್ವಾಭಾವಿಕ ರೂಪದಲ್ಲಿ ಗೋಚರಿಸಿದರು. ನಡೆದುದನ್ನೆಲ್ಲ ಇಬ್ಬರೂ ಗುರುವಿಗೆ ನಿವೇದಿಸಿದ ಮೇಲೆ ಪಾಠ ಮೊದಲಾಯಿತು. ಇವರೇ ಮುಂದೆ ಪುಷ್ಪದಂತ, ಭೂತಬಲಿ ಎಂದು ಪ್ರಸಿದ್ಧರಾದವರು. ಇವರ ಕೃತಿಯೇ ಷಟ್ಖಂಡಾಗಮ.

ಈ ಕಥೆಯನ್ನು ಶ್ರುತಪಂಚಮಿಯಂದು ಭಕ್ತಿಯಿಂದ ಕೇಳುತ್ತೇವೆ. ಆದರೆ ಸಂಶೋಧನೆಯಲ್ಲಿ ತೊಡಗಿರುವ ವಿದ್ಯಾರ್ಥಿ ಇದನ್ನು ತನಗಾಗಿಯೇ ಹೇಳಿದ್ದೆಂದು ಕೇಳಬೇಕು. ಕೈಗೆ ಬಂದ ಪಾಠವನ್ನು ಪರೀಕ್ಷಿಸದೆ ಒಪ್ಪಬಾರದು ಎಂಬುದು ಇದರ ಒಂದು ಅಂಶ. ಗುರು ಕೊಟ್ಟದ್ದೇ ಆದರೂ ತಪ್ಪು ತಪ್ಪೇ. ಎರಡನೆಯ ಅಂಶವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವರು ವಿಕಾರರೂಪ ಕಂಡುದನ್ನೂ ತಿದ್ದಿದುದನ್ನೂ ಮುಚ್ಚಿಡಲಿಲ್ಲ.

ಮುಚ್ಚಿಡದಿರುವ ಈ ಗುಣಕ್ಕೆ ಆಗಮದಲ್ಲಿ ಒಂದು ಹೆಸರಿದೆ. ಜ್ಞಾನಾಚಾರದ ಎಂಟು ಅಂಗಗಳಲ್ಲಿ ಕಾಲ, ವಿನಯ, ಉಪಧಾನ, ಬಹುಮಾನಗಳ ಬಳಿಕ ಬರುವ ಐದನೆಯದು ಅನಿಹ್ನವ. ಯಾವ ಗುರುವಿನಿಂದ, ಯಾವ ಶಾಸ್ತ್ರದಿಂದ ಕಲಿತೆವೋ ಅದನ್ನು ಮರೆಮಾಡದಿರುವುದು ಎಂದು ಇದರ ಅರ್ಥ. ಒಬ್ಬರಿಂದ ಕಲಿತು, ಕೀರ್ತಿಯ ಆಸೆಯಿಂದ ಮತ್ತೊಬ್ಬರ ಹೆಸರು ಹೇಳುವುದು ಅಥವಾ ತಾನೇ ತಿಳಿದೆನೆನ್ನುವುದು ನಿಹ್ನವ. ಹಾಗೆಯೇ ತಿಳಿದುದನ್ನು ತಿಳಿಯದೆಂದು ಬಚ್ಚಿಡುವುದನ್ನೂ ನಿಹ್ನವವೆಂದೇ ಕರೆದು, ತತ್ತ್ವಾರ್ಥಸೂತ್ರವು ಅದನ್ನು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳಲ್ಲಿ ಎಣಿಸಿದೆ.

ಕೃತಿಚೌರ್ಯವನ್ನು ಲೋಕವು ಕಳ್ಳತನವೆಂದು ಭಾವಿಸುತ್ತದೆ. ಅಚೌರ್ಯವ್ರತದ ದೃಷ್ಟಿಯಿಂದ ಅದು ಸರಿಯೇ. ಆದರೆ ಕಳ್ಳತನದಲ್ಲಿ ನಷ್ಟವಾಗುವುದು ಒಡೆಯನಿಗೆ. ನಿಹ್ನವದಲ್ಲಾದರೋ ಪರದೆ ಬೀಳುವುದು ಬರೆದವನ ಅರಿವಿನ ಮೇಲೆಯೇ. ಪರರ ಪುಟವನ್ನು ತನ್ನದೆಂದು ಒಪ್ಪಿಸಿದ ವಿದ್ಯಾರ್ಥಿಗೆ ಆ ಪುಟದಲ್ಲಿ ಏನಿದೆಯೆಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಉತ್ತರ ಬಾರದಿರುವುದನ್ನು ಎಷ್ಟೋ ಪರೀಕ್ಷಕರು ಕಂಡಿದ್ದಾರೆ. ಕರ್ಮಸಿದ್ಧಾಂತವನ್ನು ನಂಬದವರಿಗೂ ಇಷ್ಟು ಕಾಣುತ್ತದೆ.

ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ನಿಯಮದಂತೆ ಪ್ರಬಂಧದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಈ ಅಂಕಿಯೇ ಈಗ ಅನೇಕ ವಿದ್ಯಾರ್ಥಿಗಳ ಗುರಿಯಾಗಿಬಿಟ್ಟಿದೆ. ವಾಕ್ಯದ ಪದಗಳನ್ನು ಹಿಂದುಮುಂದು ಮಾಡಿ, ಸಮಾನಾರ್ಥಕಗಳನ್ನು ತುಂಬಿ, ಇಲ್ಲವೇ ಯಂತ್ರದಿಂದಲೇ ಬೇರೆ ಮಾತಿನಲ್ಲಿ ಬರೆಯಿಸಿ, ತಂತ್ರಾಂಶದ ಕಣ್ಣು ತಪ್ಪಿಸುತ್ತಾರೆ. ತಂತ್ರಾಂಶ ಪದಗಳನ್ನು ಹೋಲಿಸಬಲ್ಲದು, ಭಾವವನ್ನು ಅಳೆಯಲಾರದು. ಗುರುವಿನ ಹೆಸರು ಹೇಳಿ ಹತ್ತು ಸಾಲು ಉದ್ಧರಿಸಿದವನಲ್ಲಿ ದೋಷವಿಲ್ಲ. ಹೆಸರು ಕಾಣದಂತೆ ಒಂದೇ ವಿಚಾರವನ್ನು ವೇಷ ಬದಲಿಸಿ ಇಟ್ಟವನಲ್ಲಿ ಮಾಯಾಕಷಾಯವಿದೆ. ಅಲ್ಲಿ ಶೇಕಡಾವಾರು ರಿಯಾಯಿತಿ ಇಲ್ಲ.

ವೀರಸೇನಾಚಾರ್ಯರ ಧವಲಾ ಟೀಕೆಯ ರೀತಿಯನ್ನು ನೋಡಿ. ಸಿದ್ಧಾಂತವನ್ನು ಏಲಾಚಾರ್ಯರ ಪ್ರಸಾದದಿಂದ ತಿಳಿದೆನೆಂದು ಅವರು ಪ್ರಶಸ್ತಿಯಲ್ಲಿ ಸ್ಮರಿಸುತ್ತಾರೆ. ಒಂದೇ ವಿಷಯದಲ್ಲಿ ದಕ್ಷಿಣದ ಪರಂಪರೆ ಒಂದು ಬಗೆಯಾಗಿಯೂ ಉತ್ತರದ ಪರಂಪರೆ ಮತ್ತೊಂದು ಬಗೆಯಾಗಿಯೂ ಹೇಳಿದ್ದರೆ ಎರಡನ್ನೂ ದಾಖಲಿಸುತ್ತಾರೆ. ನಿರ್ಣಯ ಸಾಧ್ಯವಾಗದ ಕಡೆ ಅದನ್ನು ಒಪ್ಪಿಕೊಳ್ಳುತ್ತಾರೆ. ಅಂತಹ ಮಹಾಪಂಡಿತರಿಗೆ ಇದರಿಂದ ಕುಂದು ಬರಲಿಲ್ಲ. ಇಂದಿನ ವಿದ್ಯಾರ್ಥಿಗೆ ಮಾತ್ರ ತನ್ನ ವಾದಕ್ಕೆ ಒಗ್ಗದ ಆಧಾರ ಸಿಕ್ಕರೆ ಅದನ್ನು ಅಡಿಟಿಪ್ಪಣಿಯಲ್ಲಿ ಕೂಡ ಬರೆಯಲು ಸಂಕೋಚ!

ಗ್ರಂಥಾಲಯದ ಪುಸ್ತಕವನ್ನು ಸಹಪಾಠಿಗೆ ಸಿಗದಂತೆ ಬೇರೆ ಕಪಾಟಿನ ಹಿಂದೆ ಇಡುವ ಅಭ್ಯಾಸವೂ ಉಂಟು. ಅದು ಅಂತರಾಯ, ಅದೂ ಜ್ಞಾನಾವರಣಕ್ಕೇ ಕಾರಣ.

ಈ ಅಭ್ಯಾಸಗಳು ಸಂಶೋಧನೆಯ ವೇಳೆಗೆ ಹುಟ್ಟುವುವಲ್ಲ. ಆರನೆಯ ತರಗತಿಯ ಮಗುವಿನ ಪ್ರಾಜೆಕ್ಟ್ ಪುಸ್ತಕವನ್ನು ತಾಯಿ ಬರೆಯುತ್ತಾಳೆ, ಚಿತ್ರವನ್ನು ಅಂಗಡಿಯವನು ಮುದ್ರಿಸಿ ಕೊಡುತ್ತಾನೆ, ಮೇಲಿನ ಹೆಸರು ಮಾತ್ರ ಮಗುವಿನದು. ಶಿಕ್ಷಕರು ಅದಕ್ಕೆ ಪೂರ್ಣಾಂಕ ಕೊಡುತ್ತಾರೆ. ನಿಹ್ನವದ ಮೊದಲ ಪಾಠವನ್ನು ಹೀಗೆ ಮನೆಯೂ ಶಾಲೆಯೂ ಸೇರಿಯೇ ಕಲಿಸಿದ ಮೇಲೆ ಪ್ರಬಂಧದ ವಿದ್ಯಾರ್ಥಿಯೊಬ್ಬನನ್ನೇ ದೂರುವುದು ನ್ಯಾಯವಲ್ಲ. ಸೊಟ್ಟ ಅಕ್ಷರದ, ಕಾಗುಣಿತ ತಪ್ಪಿದ, ಆದರೆ ತನ್ನದೇ ಆದ ಒಂದು ಪುಟವನ್ನು ತಂದ ಮಗುವನ್ನು ಮೊದಲು ಮೆಚ್ಚಬೇಕಿತ್ತು.

ಉಪಧಾನವೆಂದರೆ ಗ್ರಂಥವೊಂದು ಮುಗಿಯುವವರೆಗೆ ಏನಾದರೂ ಒಂದು ನಿಯಮವನ್ನು ಹಿಡಿದು ಓದುವುದು. ಹಿರಿಯರು ಆಹಾರದ ರಸವೊಂದನ್ನು ಬಿಡುತ್ತಿದ್ದರು. ಪ್ರಬಂಧ ಬರೆಯುವವನು ಓದಿದ ಪ್ರತಿಯೊಂದು ವಿಚಾರದ ಎದುರು ಅದು ಎಲ್ಲಿಂದ ಬಂತೆಂದು ಆಗಲೇ ಬರೆದಿಡುವ ನಿಯಮವನ್ನು ಹಿಡಿದರೆ ಅದೂ ಉಪಧಾನವೇ. ನಾಳೆ ಬರೆದರಾಯಿತೆಂದು ಬಿಟ್ಟದ್ದು ತಿಂಗಳ ಬಳಿಕ ತನ್ನದೇ ವಿಚಾರವೆಂಬಂತೆ ತೋರುತ್ತದೆ. ಬಹುಪಾಲು ನಿಹ್ನವ ಹೀಗೆ ಪ್ರಮಾದದಿಂದಲೇ ಆಗುವುದು.

ಪುಷ್ಪದಂತರು ಸತ್ಪ್ರರೂಪಣೆಯ ಸೂತ್ರಗಳನ್ನು ರಚಿಸಿ, ಜಿನಪಾಲಿತನಿಗೆ ಕಲಿಸಿ, ಅವನನ್ನು ಭೂತಬಲಿಯ ಬಳಿಗೆ ಕಳುಹಿಸಿದರು. ಪುಷ್ಪದಂತರ ಆಯುಷ್ಯ ಅಲ್ಪವೆಂದರಿತ ಭೂತಬಲಿ ಮುಂದಿನ ಭಾಗವನ್ನು ಪೂರೈಸಿದರು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದ ತಾಳೆಗರಿಗಳು ಅಚ್ಚಾಗಿ ಇಂದು ಎಲ್ಲರ ಕೈಸೇರಿವೆ. ಯಾವ ಸೂತ್ರದವರೆಗೆ ಪುಷ್ಪದಂತರದು, ಎಲ್ಲಿಂದ ಭೂತಬಲಿಯದು ಎಂಬುದನ್ನು ಓದುಗರು ಇಂದಿಗೂ ಬೇರ್ಪಡಿಸಿ ಹೇಳಬಲ್ಲರು.