ಇಬ್ಬರಿಗೆಂದೇ ಒಂದು ‘ನಾವು’

‘ಭಾನುವಾರ ನಾವು ಬರುತ್ತೇವೆ’ ಎಂಬ ಒಂದೇ ಸಾಲಿನ ಕಾಗದ ಕೈಸೇರಿದಾಗ ಗೃಹಿಣಿಯ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ‘ಎಷ್ಟು ಜನ?’ ಎಂಬುದು. ದಂಪತಿಗಳಿಬ್ಬರೇ ಬರುವರೋ, ಮಕ್ಕಳೂ ಅತ್ತೆಯವರೂ ಜೊತೆಗಿರುವರೋ, ಅಕ್ಕಿಯನ್ನು ಪಾವಿನಲ್ಲಿ ಅಳೆಯಬೇಕೋ ಸೇರಿನಲ್ಲಿ ಅಳೆಯಬೇಕೋ ಕಾಗದ ಹೇಳದು. ಇಂಗ್ಲಿಷಿನಲ್ಲಿ ಬರೆದಿದ್ದರೂ ಅಷ್ಟೆ. ಅಲ್ಲಿಯ ‘ವೀ’ ಎಂಬ ಪುಟ್ಟ ಶಬ್ದ ಇಬ್ಬರನ್ನೂ ಇನ್ನೂರು ಮಂದಿಯನ್ನೂ ಒಂದೇ ಸೂರಿನಡಿ ಕೂರಿಸಿಬಿಡುತ್ತದೆ. ಇದೇ ಕಾಗದ ಲ್ಯುಬ್ಲ್ಯಾನಾ ನಗರದ ಮನೆಯೊಂದಕ್ಕೆ ಅಲ್ಲಿಯ ಭಾಷೆಯಲ್ಲಿ ಬಂದಿದ್ದರೆ ಆ ಗೃಹಿಣಿಗೆ ಇಂತಹ ಚಿಂತೆಯಿಲ್ಲ. ‘ಪ್ರೀದೆವಾ’ ಎಂದಿದ್ದರೆ ಬರುವವರು ಇಬ್ಬರು. ‘ಪ್ರೀದೆಮೋ’ ಎಂದಿದ್ದರೆ ಮೂವರು ಅಥವಾ ಅದಕ್ಕೂ ಹೆಚ್ಚು. ಕ್ರಿಯಾಪದವೇ ಎಲೆಗಳನ್ನು ಎಣಿಸಿ ಹಾಕಿರುತ್ತದೆ.

ಲ್ಯುಬ್ಲ್ಯಾನಾ ಸ್ಲೊವೇನಿಯಾ ದೇಶದ ರಾಜಧಾನಿ. ಇಟಲಿ, ಆಸ್ಟ್ರಿಯಾ, ಹಂಗೇರಿ, ಕ್ರೊಯೇಷಿಯಾಗಳ ನಡುವೆ ನೆಲೆಸಿರುವ ಈ ದೇಶ 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾಗಿ ಸ್ವತಂತ್ರವಾಯಿತು. ಜನಸಂಖ್ಯೆ ಇಪ್ಪತ್ತು ಲಕ್ಷಕ್ಕೆ ತುಸು ಮೇಲು. ಇಷ್ಟು ಸಣ್ಣ ಜನಸಮುದಾಯದ ಭಾಷೆ 2004ರಲ್ಲಿ ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಗಳ ಸಾಲಿಗೆ ಸೇರಿತು. ಅಂದಿನಿಂದ ಇಂಗ್ಲಿಷಿನಿಂದ ಸ್ಲೊವೇನಿಯನ್ನಿಗೆ ಭಾಷಾಂತರಿಸುವವರ ಮೇಜಿನ ಮೇಲೆ ಕಾಗದದ ರಾಶಿ ಬೆಳೆಯುತ್ತಲೇ ಇದೆ. ಶಾಸನ, ಕರಾರು, ವರದಿಗಳಲ್ಲಿ ‘ವೀ’ ಅಷ್ಟಾಗಿ ತೊಂದರೆ ಕೊಡದು. ತೊಂದರೆ ಇರುವುದು ಕಥೆ ಕಾದಂಬರಿಗಳಲ್ಲಿ, ಆತ್ಮಕಥನಗಳಲ್ಲಿ, ಪ್ರೇಮಪತ್ರಗಳಲ್ಲಿ.

ಶಾಲೆಯಲ್ಲಿ ‘ರಾಮಃ, ರಾಮೌ, ರಾಮಾಃ’ ಎಂದು ಬಾಯಿಪಾಠ ಮಾಡಿದ ವಾಚಕರಿಗೆ ವಿಷಯ ಆಗಲೇ ಹೊಳೆದಿರಬೇಕು. ಸ್ಲೊವೇನಿಯನ್ನಿನಲ್ಲಿ ದ್ವಿವಚನ ಉಂಟು. ಅದೂ ಪಂಡಿತರ ಗ್ರಂಥಗಳಲ್ಲಿ ಅಲ್ಲ, ತರಕಾರಿ ಮಾರುವವಳ ನಾಲಗೆಯ ಮೇಲೆ. ‘ಮೀ’ ಎಂದರೆ ಮೂವರು ಅಥವಾ ಹೆಚ್ಚಿನವರ ‘ನಾವು’. ‘ಮೀದ್ವಾ’ ಎಂದರೆ ‘ನಾವಿಬ್ಬರು’. ಅದರ ಬಾಲದಲ್ಲಿರುವ ‘ದ್ವಾ’ ಸಂಸ್ಕೃತದ ‘ದ್ವೌ’ ಎಂಬುದರ ದೂರದ ಸೋದರನೇ. ಆ ಇಬ್ಬರೂ ಹೆಂಗಸರಾದರೆ ‘ಮೀದ್ವೆ’ ಎನ್ನಬೇಕು. ಕನ್ನಡದಲ್ಲಿಯೂ ‘ನಾವಿಬ್ಬರು’ ಎನ್ನಬಹುದಲ್ಲ ಎಂದರೆ, ನಿಜ; ಆದರೆ ಹಾಗೆಂದ ಮೇಲೂ ಕನ್ನಡದ ಕ್ರಿಯಾಪದ ಕದಲುವುದಿಲ್ಲ. ಇಬ್ಬರಾದರೂ ‘ಹೋಗುತ್ತೇವೆ’, ಊರೇ ಹೊರಟರೂ ‘ಹೋಗುತ್ತೇವೆ’. ಮೇಲಾಗಿ ‘ಇಬ್ಬರು’ ಎಂಬುದನ್ನು ಹೇಳುವುದೂ ಬಿಡುವುದೂ ಕನ್ನಡಿಗನ ಇಷ್ಟ. ಸ್ಲೊವೇನಿಯನ್ನನಿಗೆ ಆ ಸ್ವಾತಂತ್ರ್ಯವಿಲ್ಲ; ಸರ್ವನಾಮವನ್ನು ನುಂಗಿಕೊಂಡರೂ ಕ್ರಿಯಾಪದ ಗುಟ್ಟನ್ನು ಹೊರಗೆಡಹುತ್ತದೆ. ಗೆಳೆಯರ ಗುಂಪಿನಲ್ಲಿ ಕುಳಿತ ತರುಣನೊಬ್ಬ ಎದ್ದು ‘ಗ್ರೇಮೋ’ ಎಂದರೆ ಎಲ್ಲರೂ ಏಳುವರು. ‘ಗ್ರೇವಾ’ ಎಂದನೋ, ಒಬ್ಬಳು ಮಾತ್ರ ಏಳುವಳು. ಉಳಿದವರು ಮುಖ ಮುಖ ನೋಡಿಕೊಳ್ಳುವರು.

ಸಂಸ್ಕೃತ ಬಲ್ಲವರು ಇಲ್ಲಿ ಒಂದೆಡೆ ಎಡವುವ ಸಂಭವವಿದೆ. ತಂದೆತಾಯಿಗಳನ್ನು ಸಂಸ್ಕೃತ ‘ಪಿತರೌ’ ಎಂದು ದ್ವಿವಚನದಲ್ಲಿ ಕರೆಯುತ್ತದೆ. ಸ್ಲೊವೇನಿಯನ್ ಅವರನ್ನು ಸಾಮಾನ್ಯವಾಗಿ ಬಹುವಚನದಲ್ಲಿಯೇ ಇಡುತ್ತದೆ. ಕಣ್ಣು, ಕೈ, ಕಾಲುಗಳಿಗೂ ಅದೇ ನಿಯಮ. ಹುಟ್ಟಿನಿಂದಲೇ ಜೋಡಿಯಾಗಿ ಬಂದುದನ್ನು ಎಣಿಸಿ ತೋರಿಸುವ ಅಗತ್ಯ ಆ ಭಾಷೆಗೆ ಕಂಡಿಲ್ಲ. ‘ಎರಡೂ’ ಎಂದು ಒತ್ತಿ ಹೇಳುವಾಗಲಷ್ಟೇ ದ್ವಿವಚನ ಬರುತ್ತದೆ. ಇನ್ನೊಂದು ವಿನೋದವೆಂದರೆ, ನೂರ ಎರಡು ಪುಸ್ತಕಗಳಿದ್ದರೂ ಸಂಖ್ಯೆಯ ಕೊನೆ ಎರಡಾದುದರಿಂದ ಪುಸ್ತಕಶಬ್ದ ದ್ವಿವಚನದಲ್ಲಿ ನಿಲ್ಲುತ್ತದೆ.

ಸ್ಲಾವ್ ಭಾಷೆಗಳಿಗೆಲ್ಲ ಒಂದು ಕಾಲಕ್ಕೆ ಈ ಸಂಪತ್ತು ಇದ್ದಿತು. ರಷ್ಯನ್, ಪೋಲಿಷ್ ಮೊದಲಾದವು ಅದನ್ನು ಕಳೆದುಕೊಂಡವು. ಪೂರ್ವ ಜರ್ಮನಿಯ ಸೀಮೆಯ ಪುಟ್ಟ ಸೋರ್ಬಿಯನ್ ಭಾಷೆಗಳೂ ಸ್ಲೊವೇನಿಯನ್ನೂ ಉಳಿಸಿಕೊಂಡವು. ಲ್ಯುಬ್ಲ್ಯಾನಾದಲ್ಲಿ ಅಧ್ಯಾಪಕನಾಗಿದ್ದ ಫ್ರೆಂಚ್ ವಿದ್ವಾಂಸ ಲೂಸಿಯೆನ್ ಟೆನ್ಯೇರ್ ಇದರ ಮೋಹಕ್ಕೆ ಸಿಲುಕಿ, 1925ರಲ್ಲಿ ಸ್ಲೊವೇನಿಯನ್ ದ್ವಿವಚನವನ್ನೇ ಕುರಿತು ಒಂದು ದೊಡ್ಡ ಗ್ರಂಥವನ್ನೂ ಭಾಷಾ ಭೂಪಟವನ್ನೂ ಪ್ರಕಟಿಸಿದನು. ಕೆಲವು ಉಪಭಾಷೆಗಳಲ್ಲಿ, ಅದರಲ್ಲಿಯೂ ಸ್ತ್ರೀಲಿಂಗದಲ್ಲಿ, ದ್ವಿವಚನ ಸವೆದಿರುವುದೂ ಉಂಟು. ಇಂಗ್ಲಿಷರು ನಗುವಂತಿಲ್ಲ, ಹಳೆಯ ಇಂಗ್ಲಿಷಿನಲ್ಲಿ ‘ನಾವಿಬ್ಬರು’ ಎಂಬುದಕ್ಕೆ ‘ವಿತ್’ ಎಂಬ ಬೇರೆ ಶಬ್ದವೇ ಇದ್ದಿತು. ಮನೆಯಲ್ಲಿದ್ದ ಒಡವೆಯನ್ನು ಅವರೇ ಕಳೆದುಕೊಂಡರು.

ಈಗ ಭಾಷಾಂತರಕಾರನ ಪಾಡು. ವಿಧವೆಯೊಬ್ಬಳು ಇಂಗ್ಲಿಷಿನಲ್ಲಿ ಬರೆದ ಪತ್ರವೊಂದನ್ನು ಕಲ್ಪಿಸಿಕೊಳ್ಳಬಹುದು. ಅದು ಕಾದಂಬರಿಯೊಂದರ ಮೊದಲ ಪುಟ. ‘ಆ ಮನೆಯಲ್ಲಿ ನಾವು ಸುಖವಾಗಿದ್ದೆವು’ ಎಂದು ಅವಳು ತೊಡಗುತ್ತಾಳೆ. ಇಂಗ್ಲಿಷಿನಲ್ಲಿ ಈ ವಾಕ್ಯ ಅರ್ಧ ತೆರೆದ ಬಾಗಿಲು. ಒಳಗೆ ಯಾರಿದ್ದರೆಂದು ವಾಚಕ ನಿಧಾನವಾಗಿ ಅರಿಯಲಿ ಎಂದೇ ಲೇಖಕಿ ಹಾಗೆ ಬಿಟ್ಟಿರಬಹುದು. ಸ್ಲೊವೇನಿಯನ್ನಿನಲ್ಲಿ ಆ ಬಾಗಿಲನ್ನು ತೆರೆದೇ ತೀರಬೇಕು. ಗಂಡಹೆಂಡಿರಿಬ್ಬರೇ ಆದರೆ ‘ಸ್ವಾ ಬಿಲಾ’. ತಾಯಿ ಮಗಳಿಬ್ಬರೇ ಆದರೆ ‘ಸ್ವಾ ಬಿಲಿ’. ಮಕ್ಕಳೊಡನೆ ತುಂಬಿದ ಸಂಸಾರವಾದರೆ ‘ಸ್ಮೋ ಬಿಲಿ’. ಮೂರರಲ್ಲಿ ಒಂದನ್ನು ಆರಿಸದೆ ಮೊದಲ ವಾಕ್ಯವೇ ಮುಗಿಯದು. ತಪ್ಪಾಗಿ ಆರಿಸಿದರೆ ವ್ಯಾಕರಣದೋಷವೇನೂ ಆಗುವುದಿಲ್ಲ, ವಾಕ್ಯ ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಆ ಮನೆಯಲ್ಲಿದ್ದ ಒಂದು ಮಗು ಇಲ್ಲದಂತಾಗುತ್ತದೆ, ಅಥವಾ ಎಂದೂ ಹುಟ್ಟದ ಮಗುವೊಂದು ಅಂಗಳದಲ್ಲಿ ಆಡತೊಡಗುತ್ತದೆ.

ಲೇಖಕಿ ಬದುಕಿದ್ದರೆ ಪತ್ರ ಬರೆದು ಕೇಳಬಹುದು. ತೀರಿಕೊಂಡಿದ್ದರೆ ಪುಸ್ತಕವೇ ಸಾಕ್ಷಿ. ಕನ್ನಡದ ಭಾಷಾಂತರಕಾರ ಈ ಸ್ಥಳದಲ್ಲಿ ‘ನಾವು’ ಎಂದು ಬರೆದು ನೆಮ್ಮದಿಯಿಂದ ಮುಂದೆ ಸಾಗುತ್ತಾನೆ. ನೆರೆಯ ತೆಲುಗಿನವನಿಗೆ ಆ ನೆಮ್ಮದಿ ಪೂರ್ತಿಯಿಲ್ಲ. ಕೇಳುವವನನ್ನೂ ಸೇರಿಸಿಕೊಂಡ ‘ಮನಮು’ ಬೇಕೋ, ಅವನನ್ನು ಹೊರಗಿಟ್ಟ ‘ಮೇಮು’ ಬೇಕೋ ಎಂದು ಅವನೂ ಒಂದು ಗಳಿಗೆ ಲೇಖನಿಯನ್ನು ತಡೆಯಬೇಕು.

ಲ್ಯುಬ್ಲ್ಯಾನಾದ ಭಾಷಾಂತರಕಾರನಿಗೆ ಎರಡನೆಯ ವಾಕ್ಯದಲ್ಲಿಯೂ ಬಿಡುಗಡೆಯಿಲ್ಲ. ‘ನಮ್ಮ ಮನೆ ಹೊಳೆಯ ದಡದಲ್ಲಿತ್ತು’ ಎಂದಿದ್ದರೆ, ‘ನಮ್ಮ’ ಎಂಬುದಕ್ಕೂ ಎರಡು ರೂಪಗಳಿವೆ: ಇಬ್ಬರದಾದರೆ ‘ನಾಯಿನಾ’, ಹಲವರದಾದರೆ ‘ನಾಶಾ’. ಅವನು ‘ನಾಯಿನಾ’ ಎಂದು ಬರೆಯುತ್ತಾನೆ. ಆ ಮನೆ ಗಂಡಹೆಂಡಿರ ಸ್ವತ್ತಾಗುತ್ತದೆ. ಪುಟಗಳು ಉರುಳುತ್ತವೆ. ಐವತ್ತನೆಯ ಪುಟದಲ್ಲಿ, ಮಾಳಿಗೆಯ ಕೋಣೆಯನ್ನು ಗುಡಿಸುತ್ತಿರುವಾಗ ವಿಧವೆಯ ಕೈಗೆ ಮಗುವಿನ ಸಣ್ಣದೊಂದು ಪಾದರಕ್ಷೆ ಸಿಕ್ಕಿತೆಂಬ ಒಂದೇ ಮಾತು ಬರುತ್ತದೆ. ಭಾಷಾಂತರಕಾರ ಲೇಖನಿಯನ್ನು ಕೆಳಗಿಟ್ಟು, ಮೊದಲ ಪುಟಕ್ಕೆ ಹಿಂದಿರುಗಿ, ‘ಸ್ವಾ’ಗಳನ್ನೂ ‘ನಾಯಿನಾ’ಗಳನ್ನೂ ಒಂದೊಂದಾಗಿ ಹುಡುಕಿ ಹೊಡೆದುಹಾಕತೊಡಗುತ್ತಾನೆ.