ಗೇಮ್ ಮ್ಯೂಸಿಕ್ಕಿಗೆ "ಸಿನಿಮಾ ಥರಾ" ಅನ್ನೋದು ಹೊಗಳಿಕೆಯಾ?

ಗೇಮುಗಳ ಸಂಗೀತದ ವಿಷಯ ಬಂದಾಗಲೆಲ್ಲ ಒಂದೇ ಮಾತು ಕೇಳಿ ಕೇಳಿ ಸಾಕಾಗಿದೆ. "ಮ್ಯೂಸಿಕ್ ಏನು ಗುರೂ, ಥೇಟ್ ಸಿನಿಮಾ ಥರಾ ಇದೆ!" ನಮ್ಮ ಆಫೀಸಿನಲ್ಲೂ ಇದೇ, ರಿವ್ಯೂಗಳಲ್ಲೂ ಇದೇ. ಹಾಗಂದವರು ಹೊಗಳ್ತಾ ಇದೀವಿ ಅಂದುಕೊಂಡಿರ್ತಾರೆ. ನನಗೆ ಮೈ ಉರಿಯುತ್ತೆ.

ಸಿನಿಮಾಕ್ಕೆ ಸಂಗೀತ ಕೊಡುವವನಿಗೆ ಒಂದು ಅನುಕೂಲ ಇದೆ. ಹೀರೋ ಇಂಥ ಸೆಕೆಂಡಿಗೇ ಬಾಗಿಲು ತೆಗೀತಾನೆ ಅಂತ ಅವನಿಗೆ ಗೊತ್ತು. ಗೇಮಿನಲ್ಲಿ ಹೀರೋ ನಾನು ಸ್ವಾಮಿ! ಬಾಗಿಲ ಮುಂದೆ ನಿಂತು ಹತ್ತು ನಿಮಿಷ ಗೋಡೆ ನೋಡ್ತೀನಿ, ಕಾಫಿ ತರೋಕೆ ಎದ್ದು ಹೋಗ್ತೀನಿ, ಬಂದವನು ಒಳಗೆ ಹೋಗದೆ ವಾಪಸ್ ಓಡ್ತೀನಿ. ಈ ತಲೆಹರಟೆಯನ್ನೆಲ್ಲ ಸಹಿಸಿಕೊಂಡು ಜೊತೆಗೆ ಬರುವ ಸಂಗೀತ ಮಾಡೋದು ಬೇರೆಯೇ ವಿದ್ಯೆ. ಚೆಂಡೆಯವನು ವೇಷಧಾರಿಯ ಹೆಜ್ಜೆ ನೋಡಿ ಬಾರಿಸ್ತಾನಲ್ಲ, ಹಾಗೆ.

೧೯೭೮ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಇದ್ದದ್ದು ಬರೀ ನಾಲ್ಕು ಸ್ವರ. ೫೫ ಏಲಿಯನ್‌ಗಳು ಇಳಿದು ಬರ್ತಾ ಇರ್ತವೆ, ನೀವು ಹೊಡೆದಷ್ಟೂ ಉಳಿದವು ಜೋರಾಗಿ ಓಡ್ತವೆ. ಆ ನಾಲ್ಕು ಸ್ವರವೂ ಜೊತೆಗೇ ಜೋರಾಗುತ್ತೆ, ಎದೆಬಡಿತದ ಹಾಗೆ. ನೀವು ಗೆಲ್ತಾ ಇದೀರಿ, ಆದರೆ ಕೈ ಬೆವರ್ತಾ ಇದೆ! ಸೂಪರ್ ಮಾರಿಯೋದಲ್ಲಿ (೧೯೮೫) ಕೋಜಿ ಕೊಂಡೊ ಕೈಯಲ್ಲಿದ್ದದ್ದು ಐದೇ ಸೌಂಡ್ ಚಾನೆಲ್. ಟೈಮರ್ ನೂರಕ್ಕಿಳಿದ ಕೂಡಲೆ ಅದೇ ಟ್ಯೂನು ಓಡೋಕೆ ಶುರು. ಅಲ್ಲಿಯವರೆಗೆ ಆರಾಮಾಗಿ ಕಾಯಿನ್ ಹೆಕ್ಕುತ್ತಿದ್ದವನು ಎದ್ದು ಬಿದ್ದು ಓಡ್ತಾನೆ.

ಇಂಜಿನಿಯರ್ ಆಗಿ ನನಗೆ ಅತಿ ಇಷ್ಟವಾದದ್ದು ಮಂಕಿ ಐಲೆಂಡ್ ೨ (೧೯೯೧). ಲ್ಯೂಕಸ್ ಆರ್ಟ್ಸ್‌ನ ಮೈಕೇಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಕಾನೆಲ್ ಅದಕ್ಕಾಗಿ ಐಮ್ಯೂಸ್ ಅನ್ನೋ ಸಿಸ್ಟಮ್ಮನ್ನೇ ಕಟ್ಟಿದರು. ವುಡ್‌ಟಿಕ್ ಊರಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋದರೆ ಟ್ಯೂನು ಕಟ್ಟಾಗಲ್ಲ. ತಾಳ ತಪ್ಪದೆ ವಾದ್ಯ ಬದಲಾಗುತ್ತೆ, ಹೊರಗೆ ಬಂದರೆ ಮತ್ತೆ ಮೊದಲಿನದಕ್ಕೇ ಜಾರುತ್ತೆ. ಮೂವತ್ತು ವರ್ಷಕ್ಕೂ ಹಿಂದಿನ ಮಾತು ಇದು! ಈಗ ಕೆಲವು ದುಬಾರಿ ಗೇಮುಗಳಲ್ಲಿ ಶತ್ರು ಸತ್ತು ಬಿದ್ದು ಅರ್ಧ ನಿಮಿಷವಾದರೂ ಯುದ್ಧದ ನಗಾರಿ ನಿಂತಿರಲ್ಲ. ಖಾಲಿ ಮೈದಾನದಲ್ಲಿ ನಾನೊಬ್ಬ, ಹಿಂದೆ ಎಂಬತ್ತು ಪಿಟೀಲು.

ಇನ್ನು ಸುಮ್ಮನಿರುವ ಧೈರ್ಯ. ಶ್ಯಾಡೋ ಆಫ್ ದ ಕೊಲೋಸಸ್ (೨೦೦೫) ಆಡಿದವರಿಗೆ ಗೊತ್ತು. ಬಯಲಲ್ಲಿ ಕುದುರೆ ಓಡಿಸುವಾಗ ಸಂಗೀತವೇ ಇಲ್ಲ, ಗಾಳಿ ಮತ್ತು ಗೊರಸಿನ ಸದ್ದು ಅಷ್ಟೆ. ದೈತ್ಯನ ಮೈಮೇಲೆ ಹತ್ತಿದಾಗ ಕೋ ಒಟಾನಿಯ ಸಂಗೀತ ಭರ್ರನೆ ಏರುತ್ತೆ. ಕೊಂದ ಮೇಲೆ? ಜಯಘೋಷ ಬರಬೇಕಲ್ವಾ? ಬರಲ್ಲ. ಸೂತಕದ ಮನೆಯಂಥ ದನಿ ಬರುತ್ತೆ. ಹದಿನಾರು ದೈತ್ಯರಲ್ಲಿ ಹದಿಮೂರನೆಯದು ನಮ್ಮ ಮೇಲೆ ಕೈಯೇ ಮಾಡಲ್ಲ, ಪಾಡಿಗೆ ಹಾರ್ತಾ ಇರುತ್ತೆ. ಅದನ್ನೂ ಕೊಂದು ಆ ದನಿ ಕೇಳಿಸಿಕೊಂಡೆ. ಯಾರೂ ನನ್ನನ್ನು ಬೈಯಲಿಲ್ಲ, ಒಂದು ಡೈಲಾಗೂ ಇರಲಿಲ್ಲ. ಕಂಟ್ರೋಲರ್ ಕೆಳಗಿಟ್ಟುಬಿಟ್ಟೆ. ಸಿನಿಮಾದಲ್ಲಿ ಕೊಂದವನು ಬೇರೆ ಯಾರೋ. ಇಲ್ಲಿ ಬಟನ್ ಒತ್ತಿದ್ದು ನನ್ನ ಹೆಬ್ಬೆರಳು.

"ಹಾಗಾದ್ರೆ ಆರ್ಕೆಸ್ಟ್ರಾ ಬೇಡ್ವಾ?" ಅಂತ ಕೇಳ್ತೀರಿ. ಬೇಕು ಮಾರಾಯ್ರೆ, ಬೇಡ ಅಂದವರಾರು. ಸಿವಿಲೈಸೇಶನ್ ೪ರ ಬಾಬಾ ಯೇತು ನಾನೂ ಲೂಪಲ್ಲಿ ಕೇಳ್ತೀನಿ. ೨೦೧೧ರಲ್ಲಿ ಗ್ರ್ಯಾಮಿ ಬಂದ ಮೊದಲ ಗೇಮ್ ಸಂಗೀತ ಅದೇ. ಆದರೆ ಅದು ಮೆನುವಿನ ಹಾಡು, ಆಟ ಇನ್ನೂ ಶುರುವಾಗಿರೋದೇ ಇಲ್ಲ! ೨೦೨೩ರಿಂದ ಗ್ರ್ಯಾಮಿಯಲ್ಲಿ ಗೇಮುಗಳಿಗೇ ಒಂದು ವಿಭಾಗ ಬಂದಿದೆ, ಸಂತೋಷ. ಅಲ್ಲೂ ತೂಗೋದು ಸೌಂಡ್‌ಟ್ರ್ಯಾಕ್ ಆಲ್ಬಮ್ಮನ್ನು. ಆಲ್ಬಮ್ಮಿನಲ್ಲಿ ನಾನು ಬಾಗಿಲ ಮುಂದೆ ನಿಲ್ಲಲ್ಲ, ಓಡಲ್ಲ, ಸಾಯಲ್ಲ. ಗೇಮಿನ ಸಂಗೀತ ಎಲ್ಲಿ ಜಾಣತನ ತೋರಿಸುತ್ತೋ ಅದನ್ನೇ ತೆಗೆದುಹಾಕಿ ಉಳಿದದ್ದಕ್ಕೆ ಮಾರ್ಕ್ಸ್ ಕೊಟ್ಟ ಹಾಗಾಯ್ತು. ಕಂಪನಿಗಳು ಹೊಗಳಿಸಿಕೊಂಡದ್ದಕ್ಕೇ ದುಡ್ಡು ಹಾಕ್ತವೆ. ನಾವು ಪಿಟೀಲು ಎಣಿಸ್ತಾ ಕೂತರೆ ಅವು ಇನ್ನೂ ನಲವತ್ತು ಪಿಟೀಲು ಕೊಡ್ತವೆ, ಆ ಬಯಲಿನ ಗಾಳಿ ಕೊಡಲ್ಲ.

ಮ್ಯೂಟ್ ಮಾಡಿ, ಪಕ್ಕದಲ್ಲಿ ತಮ್ಮ ಪ್ಲೇಲಿಸ್ಟ್ ಹಾಕಿಕೊಂಡು ಆಡುವ ಮಹನೀಯರ ಬಗ್ಗೆ ಇನ್ನೊಂದು ದಿನ ಬರೀತೀನಿ. ಅವರ ಮೇಲಿನ ಸಿಟ್ಟಿಗೆ ಈ ಪೋಸ್ಟ್ ಸಾಲಲ್ಲ.